ಹಿಂದೆ ಅಪ್ಪ ಕೂತಾಗ ಮಾತ್ರ

ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಮೊದಲ ಸಲ ನಡುಗಿದಾಗ ನಾನು ಕೂಳೂರು ಸೇತುವೆಯ ನಡುಮಧ್ಯದಲ್ಲಿದ್ದೆ. ನಡುಗುತ್ತಿರುವುದು ನನ್ನ ಕೈ ಎಂದುಕೊಂಡೆ. ಎಡಕ್ಕೆ ಸೇತುವೆಯ ಗಿಡ್ಡ ಗೋಡೆ, ಅದರಾಚೆ ಗುರುಪುರ ನದಿ. ಬಲಕ್ಕೆ ಅನಿಲ ತುಂಬಿಸಿಕೊಳ್ಳಲು ಬಂದರಿನ ಕಡೆ ಓಡುತ್ತಿದ್ದ ಬುಲೆಟ್ ಟ್ಯಾಂಕರ್. ಅದರ ಚಕ್ರಗಳು ನನ್ನ ಭುಜದ ಎತ್ತರಕ್ಕೆ ತಿರುಗುತ್ತಿದ್ದವು. ಹಿಂದಿನ ಸೀಟಿನಲ್ಲಿ ಅಪ್ಪ, ಅವರ ತೊಡೆಯ ಮೇಲೆ ಬುತ್ತಿಯ ಚೀಲ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಬೇಗ ಬೇಗನೆ, ಬೇಡವೆಂದು ತಲೆಯಾಡಿಸುವ ಮಗುವಿನಂತೆ, ಅಲುಗಿತು. ಆಕ್ಸಿಲರೇಟರ್ ಬಿಟ್ಟೆ, ನಡುಕ ಹೆಚ್ಚಿತು. ಮತ್ತೆ ತಿರುವಿದೆ, ನಡುಕ ಕಡಿಮೆಯಾಗಿ ವೇಗ ಹೆಚ್ಚಿತು. ಭಯವನ್ನು ಕಡಿಮೆ ಮಾಡಿಕೊಳ್ಳಲು ಅಪಾಯವನ್ನು ಹೆಚ್ಚಿಸಿಕೊಳ್ಳಬೇಕಾದ ಆ ಕೆಲವು ಗಳಿಗೆಗಳಲ್ಲಿ ನಾನು ಕಣ್ಣನ್ನು ಆಚೆ ದಡದಲ್ಲೇ ನೆಟ್ಟಿದ್ದೆ. ಸೇತುವೆ ಮುಗಿಯಿತು. ಅಪ್ಪ ತಮ್ಮ ಗೋದಾಮಿನ ಗೇಟಿನ ಮುಂದೆ ಇಳಿದರು, ಹೆಲ್ಮೆಟ್ ಹಾಕಿಕೊಂಡೇ ಎಂದಿನಂತೆ ಒಮ್ಮೆ ತಲೆಯಾಡಿಸಿದರು. ನಾನು ಮುಂದೆ ಕಾಲೇಜಿಗೆ ಹೋದೆ. ಒಬ್ಬಳೇ ಹೋಗುವಾಗ ಗಾಡಿ ಒಂದು ಸಲವೂ ಅಲುಗಲಿಲ್ಲ.

ಈ ಕೊನೆಯ ಸಂಗತಿಯೇ ನನ್ನನ್ನು ಬಹುಕಾಲ ದಾರಿ ತಪ್ಪಿಸಿತು.

ನಮ್ಮದು ಶಕ್ತಿನಗರದ ಬಾಡಿಗೆ ಮನೆ. ಅಪ್ಪ ಕೂಳೂರಿನಾಚೆಯ ಗೋದಾಮೊಂದರಲ್ಲಿ ಸರಕು ನೋಡಿಕೊಳ್ಳುವವರು. ಒಂದು ಕಣ್ಣಿನ ದೃಷ್ಟಿ ಮಂದವಾದ ಮೇಲೆ ಇನ್ನು ಗಾಡಿ ಓಡಿಸಬೇಡಿ ಎಂದು ವೈದ್ಯರು ಹೇಳಿದ್ದರು. ಅದೇ ವರ್ಷ ನಾನು ಎಂ.ಎ. ಮುಗಿಸಿ, ಅದೇ ಹೆದ್ದಾರಿಯಲ್ಲಿ ಇನ್ನೂ ಮುಂದಿರುವ ಕಾಲೇಜೊಂದಕ್ಕೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಹಾಗಾಗಿ ಹೊಸ ಮೋಟಾರ್ ಸೈಕಲ್ ಬಂತು. ಹುಡುಗಿಗೆ ಸ್ಕೂಟರ್ ಸಾಲದೇ ಎಂದು ಸಂಬಂಧಿಕರು ಕೇಳಿದಾಗ, ಇಬ್ಬರು ಕೂತು ದಿನವೂ ಹೆದ್ದಾರಿಯಲ್ಲಿ ಹೋಗುವವರಿಗೆ ದೊಡ್ಡ ಚಕ್ರದ ಗಾಡಿಯೇ ಸುರಕ್ಷಿತ ಎಂದು ಉತ್ತರ ಕೊಟ್ಟವರು ಅಪ್ಪ. ಸುರಕ್ಷಿತ ಎನ್ನುವ ಆ ಮಾತು ಆಮೇಲೆ ಪ್ರತಿ ಬೆಳಿಗ್ಗೆ ನಂತೂರು ದಾಟುತ್ತಿದ್ದ ಹಾಗೆ ನನ್ನ ಕಿವಿಯಲ್ಲಿ ಕೇಳುತ್ತಿತ್ತು.

ಗಾಡಿಯ ಮೇಲೆ ಅಪ್ಪ ಮಾತಾಡುವವರಲ್ಲ. ಮನೆಯಲ್ಲಿ ತುಳುವಿನಲ್ಲಿ ಧಾರಾಳವಾಗಿ ಹರಟುವ ಮನುಷ್ಯ, ಹೆಲ್ಮೆಟ್ ಹಾಕಿದ ಮೇಲೆ ದೇವರ ಮುಂದೆ ನಿಂತವರಂತೆ ಮೌನವಾಗುತ್ತಿದ್ದರು. ಸೇತುವೆಯ ಮೇಲೆ ಮಾತ್ರ ಮುಖವನ್ನು ನದಿಯ ಕಡೆ ತಿರುಗಿಸುತ್ತಿದ್ದರು. ಕನ್ನಡಿಯಲ್ಲಿ ನನಗೆ ಅವರ ಹೆಲ್ಮೆಟ್ಟಿನ ಒಂದು ಮಗ್ಗುಲು ಕಾಣುತ್ತಿತ್ತು. ಅವರು ಹುಟ್ಟಿದ್ದು ಈ ನದಿಯ ನಡುವಿನ ಒಂದು ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ಗದ್ದೆ, ದೋಣಿಯಲ್ಲದೆ ಬೇರೆ ದಾರಿಯಿಲ್ಲದ ದ್ವೀಪ ಅದು. ಅವರು ನೋಡುವುದು ಅದನ್ನೇ ಎಂದು ನಾನು ತಿಳಿದಿದ್ದೆ.

ಎರಡನೆಯ ಸಲ, ಮೂರನೆಯ ಸಲ, ಆಮೇಲೆ ಸೇತುವೆ ಬಂದಾಗಲೆಲ್ಲ ಹ್ಯಾಂಡಲ್ ನಡುಗತೊಡಗಿತು. ಅಪ್ಪನನ್ನು ಇಳಿಸಿ ಮುಂದೆ ಹೋದರೆ ಏನೂ ಇಲ್ಲ. ನಾನು ನನ್ನನ್ನೇ ವಿಚಾರಣೆಗೆ ನಿಲ್ಲಿಸಿದೆ. ಹಿಂದೆ ಅಪ್ಪ ಇದ್ದಾರೆ ಎಂಬ ಹೊಣೆ ನನ್ನ ತೋಳುಗಳಿಗೆ ಇಳಿದು ಹ್ಯಾಂಡಲನ್ನು ಅಲುಗಿಸುತ್ತಿದೆಯೆ? ಬೆಳಿಗ್ಗೆ ಗಂಜಿ ಇಳಿಯುತ್ತಿರಲಿಲ್ಲ. ಅಮ್ಮ ಕಾರಣ ಕೇಳಿದರೆ ಪಾಠದ ತಯಾರಿ ಎನ್ನುತ್ತಿದ್ದೆ. ಹೆದರಿಕೆಗೆ ತುಳುವಿನಲ್ಲಿ ಪೋಡಿಗೆ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಅದು ಚಿಕ್ಕ ಮಕ್ಕಳಿಗೆ ಸಂಬಂಧಿಸಿದ ಪದ. ವಿಶ್ವವಿದ್ಯಾಲಯದ ವೇದಿಕೆಗಳಲ್ಲಿ ಮೈಕು ಹಿಡಿದು ಅಧಿಕಾರಸ್ಥರನ್ನು ಪ್ರಶ್ನಿಸಿದ್ದವಳು ಆ ಪದವನ್ನು ಊಟದ ಹೊತ್ತಿಗೆ ಹೇಗೆ ಹೇಳುವುದು?

ಗಾಡಿ ಕೊಂಡ ಶೋರೂಮಿನ ಸರ್ವಿಸ್ ಸೆಂಟರ್ ಕೂಳೂರಿನ ಈಚೆಗೆ, ಹೆದ್ದಾರಿಯ ಬದಿಯಲ್ಲೇ ಇತ್ತು. ಅಲ್ಲಿ ದೂರು ಬರೆದುಕೊಳ್ಳುವ ಸೂಪರ್‌ವೈಸರ್ ನನ್ನ ವಯಸ್ಸಿನವನೇ, ನಮ್ಮ ಕಡೆಯವನೇ. ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಇಣುಕಿ ನೋಡಿದ.

"ಗಾಡಿ ಓಡಿಸುವವರು ಬರ್ಲಿಲ್ವಾ ಮೇಡಂ?"

ಓಡಿಸುವವಳು ನಾನೇ ಎಂದೆ. ಹ್ಯಾಂಡಲ್ ನಡುಗುವುದನ್ನು, ಯಾವಾಗ, ಎಲ್ಲಿ, ಯಾರು ಕೂತಾಗ ಎಂಬುದನ್ನೆಲ್ಲ ವಿವರಿಸಿದೆ. ಅವನು ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿದ. ಹ್ಯಾಂಡಲಿನ ಬುಡದಿಂದ ಟಕ್ ಎಂಬ ಸಣ್ಣ ಸದ್ದು ಬಂತು. ಅದು ನನಗೂ ಕೇಳಿಸಿತು, ಅವನಿಗೂ ಕೇಳಿಸಿತು. ಕೋನ್ ಸೆಟ್ ಸ್ವಲ್ಪ ಲೂಸ್ ಎಂದ. ಹ್ಯಾಂಡಲ್ ತಿರುಗುವ ಕುತ್ತಿಗೆಯ ಒಳಗೆ ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು, ಬಟ್ಟಲಲ್ಲಿ ಗುಂಡುಗಳು, ಗುಂಡುಗಳ ಸುತ್ತ ಗ್ರೀಸ್. ಇವೆಲ್ಲ ಸೇರಿ ಕೋನ್ ಸೆಟ್. ಟೈಟ್ ಮಾಡಿ ಕೊಡುತ್ತೇವೆ ಎಂದ, ಕೊಟ್ಟ. ಬಿಲ್ಲಿನಲ್ಲಿ ಬರೆದದ್ದು ಸಾಮಾನ್ಯ ತಪಾಸಣೆ ಎಂದು.

ಬಿಗಿ ಮಾಡಿದ ಮೇಲೆ ನಡುಕ ನಿಂತಿತು, ಅದರ ಬದಲು ಬೇರೊಂದು ಬಂತು. ಹ್ಯಾಂಡಲ್ ನೇರಕ್ಕೆ ಬಂದಾಗ ಯಾವುದೋ ಗುಳಿಯಲ್ಲಿ ಕೂತ ಹಾಗೆ ಸಿಕ್ಕಿಕೊಳ್ಳುತ್ತಿತ್ತು. ವೇಗ ಏರಿದಾಗ ಗಾಡಿ ನಿಧಾನವಾಗಿ, ಅಲೆಗೆ ಸಿಕ್ಕ ದೋಣಿಯಂತೆ, ಆ ಕಡೆಗೂ ಈ ಕಡೆಗೂ ಓಲಾಡುತ್ತಿತ್ತು. ಕೆಲವು ದಿನಗಳಲ್ಲಿ ನಟ್ಟು ತಾನಾಗಿ ಸಡಿಲಗೊಂಡು ಹಳೆಯ ನಡುಕ ಹಿಂದಿರುಗಿತು. ಮತ್ತೆ ಹೋದೆ, ಮತ್ತೆ ಬಿಗಿ ಮಾಡಿದರು, ಮತ್ತೆ ಬಿಲ್ಲಿನಲ್ಲಿ ಸಾಮಾನ್ಯ ತಪಾಸಣೆ. ವಾರಂಟಿಯಲ್ಲಿ ಬದಲಿಸಿ ಕೊಡಿ ಎಂದಾಗ ಸೂಪರ್‌ವೈಸರ್ ಮೇಜಿನ ಖಾನೆಯಿಂದ ವಾರಂಟಿ ಪುಸ್ತಕ ತೆಗೆದು ಒಂದು ಸಾಲಿನ ಕೆಳಗೆ ಉಗುರು ಎಳೆದ. ಸಹಜ ಸವೆತಕ್ಕೆ ಒಳಗಾಗುವ ಭಾಗಗಳು ವಾರಂಟಿಗೆ ಒಳಪಡುವುದಿಲ್ಲ.

"ಇದು ಸವೆಯುವ ಪಾರ್ಟ್ ಮೇಡಂ. ಕ್ಲೈಮ್ ಹಾಕಿದ್ರೂ ಬರುದಿಲ್ಲ. ಮತ್ತೆ ನೀವು ಸ್ವಲ್ಪ ಗಟ್ಟಿ ಹಿಡಿತೀರಿ ಅಂತ ಕಾಣ್ತದೆ. ಲೇಡೀಸ್ ಹೆದ್ದಾರಿಯಲ್ಲಿ ಹಾಗೆಯೇ."

ಸಹಜ ಎಂಬ ಆ ಪದದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಚಪ್ಪಲಿ ಸವೆಯುವುದು ಸಹಜ. ಟಯರು ಸವೆಯುವುದು ಸಹಜ. ಇನ್ನೂ ಉಚಿತ ಸರ್ವಿಸುಗಳು ಮುಗಿಯದ ಗಾಡಿಯ ಕುತ್ತಿಗೆ ಸವೆಯುವುದು ಹೇಗೆ ಸಹಜವಾಗುತ್ತದೆ? ಯಾವುದು ಸಹಜ, ಯಾವುದಲ್ಲ ಎಂದು ತೀರ್ಮಾನಿಸುವ ಅಧಿಕಾರವನ್ನು, ಆ ತೀರ್ಮಾನದಿಂದ ಲಾಭ ಪಡೆಯುವವರ ಕೈಗೇ ಕೊಟ್ಟವರು ಯಾರು? ದೋಷ ಉಕ್ಕಿನಲ್ಲಿದ್ದರೆ ಅವರ ಮೇಲೆ ಬರುತ್ತದೆ, ಕೈಯಲ್ಲಿದ್ದರೆ ನನ್ನ ಮೇಲೆ. ಅದಕ್ಕಾಗಿ ಅದು ನನ್ನ ಕೈಗೆ ಬರಬೇಕಾಯಿತು. ಇಷ್ಟೆಲ್ಲ ಗೊತ್ತಿದ್ದೂ ಮರುದಿನ ಸೇತುವೆಯ ಮೇಲೆ ಹ್ಯಾಂಡಲ್ ಅಲುಗಿದಾಗ, ಅವನು ಹೇಳಿದ್ದು ನಿಜವಿರಬಹುದೇ ಎಂದು ನಾನು ಹಿಡಿತವನ್ನು ಸಡಿಲಿಸಿ ನೋಡಿದೆ. ಗಾಡಿ ಗೋಡೆಯ ಕಡೆಗೆ ವಾಲಿತು. ಹಿಂದಿನಿಂದ ಬಂದ ಲಾರಿಯ ಹಾರ್ನ್ ಬೆನ್ನಿನ ಮೂಳೆಯಲ್ಲಿ ಕೇಳಿಸಿತು. ಆ ದಿನ ಅಪ್ಪನನ್ನು ಇಳಿಸಿದ ಮೇಲೆ ಸ್ವಲ್ಪ ಮುಂದೆ ಹೋಗಿ, ಅವರಿಗೆ ಕಾಣದ ಹಾಗೆ ಗಾಡಿ ನಿಲ್ಲಿಸಿ, ರಸ್ತೆಬದಿಯಲ್ಲಿ ವಾಂತಿ ಮಾಡಿಕೊಂಡೆ.

ಆಮೇಲೆ ಕೆಲವು ದಿನ ಬಸ್ಸಿನಲ್ಲಿ ಹೋದೆವು. ಹಂಪನಕಟ್ಟೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ನಿಂತುಕೊಂಡೇ ಕೂಳೂರು ದಾಟುತ್ತಿದ್ದೆವು. ಬಸ್ಸಿನ ಕಿಟಕಿಯಿಂದ ಸೇತುವೆ ಎಷ್ಟು ಚಿಕ್ಕದಾಗಿ ಕಾಣುತ್ತಿತ್ತೆಂದರೆ ನನ್ನ ಭಯ ನನಗೇ ನಾಚಿಕೆ ತಂದಿತು. ಅಪ್ಪ ಕೆಲಸಕ್ಕೆ ತಡವಾಗತೊಡಗಿದರು. ಅವರ ಮೇಲಿನವನು ಏನೋ ಅಂದಿರಬೇಕು. ಒಂದು ಬೆಳಿಗ್ಗೆ ನಾನು ಹೊರಗೆ ಬರುವಾಗ ಅವರು ಹೆಲ್ಮೆಟ್ ಹಾಕಿಕೊಂಡು ಗಾಡಿಯ ಪಕ್ಕ ನಿಂತಿದ್ದರು. ಬಸ್ಸು ಬೇಡವೇ ಎಂದು ನಾನು ಕೇಳಲಿಲ್ಲ, ಬೇಡ ಎಂದು ಅವರೂ ಹೇಳಲಿಲ್ಲ. ಹೊರಡುವವರನ್ನು ತಡೆದು ಮಾತಾಡಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನಾವು ತಿರುವು ದಾಟುವವರೆಗೆ ಉಸಿರು ಬಿಡುವುದಿಲ್ಲ, ಅಷ್ಟೆ.

ಕಂಪನಿಯ ಮುಖ್ಯ ಕಚೇರಿಗೆ ನಾನು ಬರೆದ ದೂರು ಉದ್ದವಾಗಿತ್ತು, ಸಭ್ಯವಾಗಿತ್ತು, ಅದರ ಒಂದೊಂದು ವಾಕ್ಯವನ್ನೂ ಜಾರಿಕೊಳ್ಳಲು ಜಾಗವಿಲ್ಲದಂತೆ ಕಟ್ಟಿದ್ದೆ. ಬಿಗಿ ಮಾಡಿದ್ದನ್ನು ಎರಡೂ ಬಾರಿ ದಾಖಲಿಸದಿರುವುದೇಕೆ ಎಂಬ ಪ್ರಶ್ನೆಯಿಂದ ಅದು ಮುಗಿಯುತ್ತಿತ್ತು. ಉತ್ತರದಲ್ಲಿ ಕ್ಷಮೆಯೂ ಇರಲಿಲ್ಲ, ವಿವರಣೆಯೂ ಇರಲಿಲ್ಲ. ಏರಿಯಾ ಎಂಜಿನಿಯರ್ ಬರುತ್ತಾರೆ, ಗಾಡಿಯನ್ನು ಹಿಂದಿನ ದಿನವೇ ಸರ್ವಿಸ್ ಸೆಂಟರಿನಲ್ಲಿ ಬಿಡಿ, ಅವರು ಸ್ವತಃ ಓಡಿಸಿ ನೋಡಿ ದೋಷ ಕಂಡರೆ ಮಾತ್ರ ಕ್ಲೈಮ್ ಪರಿಗಣಿಸಲಾಗುವುದು ಎಂದಿತ್ತು.

ಅವರು ಬಂದ ದಿನ ಅಪ್ಪನಿಗೆ ವಾರದ ರಜೆ. ಬರುವುದು ಬೇಡ ಎಂದರೂ ಬಂದರು. ತಮ್ಮ ಹೆಲ್ಮೆಟ್ಟನ್ನೂ ತಂದರು. ಬಸ್ಸಿನಲ್ಲಿ ಬರುವ ಮನುಷ್ಯ ಅದನ್ನೇಕೆ ತಂದರೆಂದು ನಾನು ಆಗ ಯೋಚಿಸಲಿಲ್ಲ. ಗ್ರಾಹಕರ ಸಾಲುಕುರ್ಚಿಯ ತುದಿಯಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಎಂಜಿನಿಯರ್ ಮೈಸೂರು ಕಡೆಯವರು, ಮೃದು ಮಾತಿನವರು. ನಾನು ಗಾಡಿಯ ಹ್ಯಾಂಡಲ್ ತಿರುಗಿಸಿ ನೋಡಿದೆ, ಕಲ್ಲಿನಂತೆ ಬಿಗಿಯಾಗಿತ್ತು. ಇವತ್ತು ಬೆಳಿಗ್ಗೆಯೇ ಇದನ್ನು ಟೈಟ್ ಮಾಡಿದ್ದಾರೆ ಎಂದು ಅವರಿಗೆ ಹೇಳಿದೆ. ಸೂಪರ್‌ವೈಸರ್ ಗೋಡೆಯ ಕ್ಯಾಲೆಂಡರನ್ನು ನೋಡುತ್ತ, ಅದು ಜನರಲ್ ಚೆಕಪ್ ಎಂದ.

ಎಂಜಿನಿಯರ್ ಒಬ್ಬರೇ ಶೋರೂಮಿನ ಹಿಂದಿನ ಒಳರಸ್ತೆಯಲ್ಲಿ ಒಂದು ಸುತ್ತು ಹಾಕಿ ಬಂದರು. ಮುಖದಲ್ಲಿ ನಗುವಿತ್ತು.

"ಬೆಣ್ಣೆ ಥರ ಹೋಗುತ್ತೆ ಮೇಡಂ. ಭಯ ಇದ್ರೆ ಹ್ಯಾಂಡಲ್ ಬಿಗಿಯಾಗಿ ಹಿಡೀತೀವಿ ನೋಡಿ, ಆಗ ನಡುಗಿದ ಹಾಗೆ ಅನ್ಸುತ್ತೆ. ತಪ್ಪು ತಿಳ್ಕೋಬೇಡಿ."

ಒಳರಸ್ತೆಯಲ್ಲಲ್ಲ, ಸೇತುವೆಯ ಮೇಲೆ ಓಡಿಸಬೇಕು, ಹಿಂದೆ ಒಬ್ಬರು ಕೂತಿರಬೇಕು ಎಂದೆ. ಹಿಂದೆ ಭಾರ ಬಿದ್ದಾಗ ಮುಂದಿನ ಚಕ್ರ ಹಗುರಾಗುತ್ತದೆ, ದೋಷ ಹೊರಬರುವುದು ಆಗ ಎಂದು ನಾನು ಓದಿ ತಿಳಿದದ್ದನ್ನೆಲ್ಲ ಹೇಳಿದೆ. ಟ್ರಯಲ್ ಸಮಯದಲ್ಲಿ ಹಿಂದೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಕಂಪನಿಯ ನಿಯಮ ಎಂದರು ಅವರು. ಗಾಡಿ ಕೆಡುವುದು ಇಬ್ಬರು ಕೂತಾಗ, ಪರೀಕ್ಷೆ ಒಬ್ಬರೇ ಕೂತಾಗ. ಹಾಗಾದರೆ ನಿಮ್ಮ ನಿಯಮವಿರುವುದು ದೋಷ ಹುಡುಕುವುದಕ್ಕೋ, ಸಿಗದ ಹಾಗೆ ನೋಡಿಕೊಳ್ಳುವುದಕ್ಕೋ ಎಂದು ಕೇಳಿದೆ. ನನ್ನ ದನಿ ಏರಿತ್ತು. ಕೆಲಸ ಮಾಡುತ್ತಿದ್ದ ಮೆಕ್ಯಾನಿಕ್ಕುಗಳು ತಲೆಯೆತ್ತಿ ನೋಡಿದರು. ನನಗೆ ಅಳು ಬರುವುದರಲ್ಲಿತ್ತು. ಅದು ಬಂದರೆ ಎಲ್ಲವೂ ಮುಗಿಯಿತು, ಹೆದರಿದ ಹುಡುಗಿ ಎಂದು ಕಡತ ಮುಚ್ಚುತ್ತಾರೆ ಎಂದು ಹಲ್ಲು ಕಚ್ಚಿದೆ.

ಆಗ ಸಾಲುಕುರ್ಚಿಯ ತುದಿಯಿಂದ ಅಪ್ಪ ಎದ್ದು ಬಂದರು. ಹೆಲ್ಮೆಟ್ಟಿನ ಪಟ್ಟಿ ಆಗಲೇ ಬಿಗಿದಿದ್ದರು.

"ನಾನು ಕೂತ್ಕೊಳ್ತೇನೆ," ಎಂದರು ಎಂಜಿನಿಯರಿಗೆ. "ನಾನು ಕೂತ್ರೆ ಮಾತ್ರ ಅದು ಅಲುಗುದು. ಸೇತುವೆಯ ಎರಡನೇ ಜಾಯಿಂಟ್ ಆದ ಮೇಲೆ ಸುರು ಆಗ್ತದೆ."

ನಾನು ಅವರ ಮುಖವನ್ನೇ ನೋಡಿದೆ. ನಿಮಗೆ ಗೊತ್ತಿತ್ತೇ ಎಂದು ತುಳುವಿನಲ್ಲಿ ಕೇಳಿದೆ.

ಗೊತ್ತಿತ್ತು ಎಂದರು, ತುಳುವಿನಲ್ಲೇ. ಮೊದಲ ದಿನದಿಂದಲೂ ಗೊತ್ತಿತ್ತು. ದೋಣಿಯಲ್ಲಿ ಕೂತವರು ದೋಣಿ ಸೋರುತ್ತದೆ ಅನ್ನುವಂತಿಲ್ಲ, ಕುದ್ರುವಿನಲ್ಲಿ ಅದು ಕಟ್ಟುನಿಟ್ಟು. ಹುಟ್ಟು ಹಾಕುವವನ ಕೈ ತಪ್ಪುತ್ತದೆ, ಉಳಿದವರು ಎದ್ದು ನಿಲ್ಲುತ್ತಾರೆ, ದೋಣಿ ಮಗುಚುತ್ತದೆ. ದಡ ಮುಟ್ಟಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು ಹೇಳಬೇಕು.

"ಮತ್ತೆ ದಡ ಮುಟ್ಟಿದ ಮೇಲೆ ಯಾಕೆ ಹೇಳಲಿಲ್ಲ?"

"ನಾನು ಇಳಿದು ಹೆಲ್ಮೆಟ್ ತೆಗೆಯುವಾಗ ನೀನು ಹೋಗಿ ಆಗಿರ್ತದೆ ಮಗಾ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಎಂತ ಹೇಳುದು?"

ಇಷ್ಟು ಕಾಲ ಆ ಸೇತುವೆಯ ಮೇಲೆ ನಾವಿಬ್ಬರೂ ಒಂದು ಗೇಣಿನ ಅಂತರದಲ್ಲಿ ಕೂತು, ಒಂದೇ ನಡುಕಕ್ಕೆ ಬೇರೆ ಬೇರೆಯಾಗಿ ಹೆದರಿದ್ದೆವು. ಅವರು ನನ್ನ ಕೈ ತಪ್ಪಬಾರದೆಂದು ಬಾಯಿ ಮುಚ್ಚಿಕೊಂಡಿದ್ದರು. ಆ ಮೌನವನ್ನು ನಾನು ಗಾಡಿಯಲ್ಲಿ ದೋಷವಿಲ್ಲ ಎಂಬುದಕ್ಕೆ ಸಾಕ್ಷಿಯೆಂದು ಎಣಿಸಿದ್ದೆ. ಮೊದಲ ಸಲ ದೂರು ಬರೆದುಕೊಳ್ಳುವಾಗ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಸೂಪರ್‌ವೈಸರ್ ಕೇಳಿದ್ದಕ್ಕೆ ಉತ್ತರ ಇಲ್ಲಿತ್ತು. ಆದರೆ ಅದನ್ನು ಬರೆಯಲು ಅವನ ಹಾಳೆಯಲ್ಲಿ ಯಾವ ಕಾಲಮ್ಮೂ ಇರಲಿಲ್ಲ.

ಎಂಜಿನಿಯರ್ ನಿಯಮದ ಮಾತನ್ನು ಇನ್ನೊಮ್ಮೆ ಶುರು ಮಾಡಿದರು. ಅಷ್ಟರಲ್ಲಿ ಅಪ್ಪ ಹೋಗಿ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

ಸೂಪರ್‌ವೈಸರಿನ ಸ್ಕೂಟರಿನಲ್ಲಿ ನಾನು ಸೇತುವೆಯ ಬಾಯಿಯವರೆಗೆ ಹೋದೆ. ಆಚೆ ದಡಕ್ಕೆ ಹೋಗಿ ತಿರುಗಿ ಬರುವುದೆಂದು ಮಾತಾಗಿತ್ತು. ಅವರಿಬ್ಬರು ನಮ್ಮನ್ನು ದಾಟಿ ಮುಂದೆ ಹೋದರು. ಅಪ್ಪನ ಬಿಳಿ ಅಂಗಿ ಗಾಳಿಗೆ ಉಬ್ಬಿ ಚೀಲದಂತೆ ಕಂಡಿತು. ಒಂದು ಟ್ರೈಲರ್ ಅವರ ಪಕ್ಕಕ್ಕೆ ಬಂತು, ಅದರ ಹಿಂದೆ ಬುಲೆಟ್ ಟ್ಯಾಂಕರ್, ಆಮೇಲೆ ಬಿಳಿ ಬಣ್ಣ ಕಾಣಲಿಲ್ಲ.

ಅಲ್ಲಿ ನಿಂತು ನನಗೆ ಅರ್ಥವಾದದ್ದು ಇಷ್ಟು. ಗಾಡಿಯನ್ನು ನಾನೇ ಓಡಿಸುವಾಗ ಭಯಕ್ಕೆ ಹಿಡಿದುಕೊಳ್ಳಲು ಏನೋ ಒಂದಿತ್ತು, ಬ್ರೇಕಿತ್ತು, ಹ್ಯಾಂಡಲಿತ್ತು. ಈಗ ಕೈ ಖಾಲಿ. ನನ್ನ ಮಾತು ನಿಜವಾಗಬೇಕಾದರೆ ಆ ಸೇತುವೆಯ ಮೇಲೆ ಗಾಡಿ ನಡುಗಲೇಬೇಕು. ಗಾಡಿ ನಡುಗಿದರೆ ಅದರ ಮೇಲಿರುವವರು ಅಪ್ಪ. ಗೆಲ್ಲುವುದಕ್ಕಾಗಿ ಅವರನ್ನು ನಾನೇ ಸಾಕ್ಷ್ಯವಾಗಿ ಒಪ್ಪಿಸಿದ್ದೆ. ದೇವರೇ, ಅಲುಗದಿರಲಿ, ನಾನೇ ಸುಳ್ಳಾಗಲಿ ಎಂದು ಬೇಡಿಕೊಂಡೆ. ವಾದದಲ್ಲಿ ಸೋಲಬೇಕೆಂದು ನಾನು ಬಯಸಿದ್ದು ಅದೊಂದೇ ಸಲ. ಎದುರಿನ ಲೇನಿನಿಂದ ಬರುವ ಪ್ರತಿಯೊಂದು ಬೈಕನ್ನೂ ನೋಡಿದೆ. ನೀರಿನ ಮೇಲೆ ಮೀನಿನ ದೋಣಿಯೊಂದು ನಿಂತಿತ್ತು, ಅದರಲ್ಲಿದ್ದವನು ತಲೆಯೆತ್ತಿ ಸೇತುವೆಯನ್ನೇ ನೋಡುತ್ತಿದ್ದ ಹಾಗೆ ಕಂಡಿತು. ಅವನು ಏನು ನೋಡುತ್ತಿದ್ದಾನೆ? ಸೂಪರ್‌ವೈಸರ್ ಮೊಬೈಲ್ ತೆಗೆದ, ನಂಬರ್ ಒತ್ತಿದ, ಯಾರೂ ಎತ್ತಲಿಲ್ಲ. ಅವನ ಮುಖದ ಬಣ್ಣವೂ ಇಳಿದಿತ್ತು.

"ಎಂತ ಆಗುದಿಲ್ಲ ಮೇಡಂ," ಎಂದ. ಆಮೇಲೆ, ನನಗಲ್ಲ ಎಂಬಂತೆ, "ನಾನು ಟೈಟ್ ಮಾಡಬಾರದಿತ್ತು," ಎಂದ.

ಅವರು ಬಂದದ್ದು ನಡೆದುಕೊಂಡು. ಸೇತುವೆಯ ಅಂಚಿನಲ್ಲಿ, ಗೋಡೆಗೆ ಮೈ ತಾಗಿಸಿಕೊಂಡು, ಎಂಜಿನಿಯರ್ ಗಾಡಿಯನ್ನು ತಳ್ಳುತ್ತ ಬರುತ್ತಿದ್ದರು. ಅವರ ಹಿಂದೆ ಅಪ್ಪ, ಎರಡು ಕೈಯಲ್ಲಿ ಎರಡು ಹೆಲ್ಮೆಟ್ಟುಗಳು. ನಾನು ರಸ್ತೆಯ ಅಂಚುಕಲ್ಲಿನ ಮೇಲೆ ಕೂತುಬಿಟ್ಟೆ. ಹತ್ತಿರ ಬಂದಾಗ ಎಂಜಿನಿಯರಿನ ಅಂಗಿ ಬೆನ್ನಿಗೆ ಅಂಟಿತ್ತು. ಆಚೆ ದಡ ಮುಟ್ಟುವ ಮುನ್ನ ಗಾಡಿ ಓಲಾಡಿ ಗೋಡೆಯ ಹತ್ತಿರ ಹೋಯಿತಂತೆ, ಹೇಗೋ ನಿಲ್ಲಿಸಿದರಂತೆ, ಮತ್ತೆ ಹತ್ತಲು ಅವರಿಗೆ ಮನಸ್ಸಾಗಲಿಲ್ಲವಂತೆ. ಅವರು ನನ್ನ ಮುಖ ನೋಡಲಿಲ್ಲ.

"ಸಾರಿ ಸರ್," ಎಂದರು ಅಪ್ಪನಿಗೆ. "ಇದನ್ನ ಯಾರೂ ಓಡಿಸಬಾರದು."

ಸರ್ವಿಸ್ ಸೆಂಟರಿನಲ್ಲಿ ಮುಂದಿನ ಚಕ್ರ ಬಿಚ್ಚಿ, ಕುತ್ತಿಗೆಯಿಂದ ಆ ಬಟ್ಟಲುಗಳನ್ನು ತೆಗೆದರು. ಎಂಜಿನಿಯರ್ ಒಂದನ್ನು ಬಟ್ಟೆಯಲ್ಲಿ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಒಳಗೆ ಒಣಗಿತ್ತು, ಗ್ರೀಸಿನ ಜಾಗದಲ್ಲಿ ತುಕ್ಕಿನ ಹುಡಿ. ಬೆರಳಾಡಿಸಿದರೆ, ಮೆತ್ತನೆಯ ಮಣ್ಣಿಗೆ ಉಗುರೊತ್ತಿದ ಹಾಗೆ ಸಾಲಾಗಿ ಗುಳಿಗಳು ಸಿಗುತ್ತಿದ್ದವು. ಬಳೆಗಿಂತ ಚಿಕ್ಕ ವಸ್ತು. ಇಬ್ಬರ ಜೀವ ದಿನವೂ ಇದರ ಮೇಲೆ ಕೂತು ನದಿ ದಾಟುತ್ತಿತ್ತು ಎಂಬುದು ತಲೆಗೆ ಹೋದಾಗ, ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಆದರೂ ಮ್ಯಾನೇಜರ್ ಕೋಣೆಯಲ್ಲಿ ಮಾತು ಬೇರೆ ದಿಕ್ಕಿಗೆ ಹೋಯಿತು. ಪಾರ್ಟ್ ಉಚಿತವಾಗಿ ಬದಲಿಸಿ ಕೊಡುತ್ತಾರೆ, ವಾರಂಟಿಯಲ್ಲಿ ಅಲ್ಲ, ಗುಡ್‌ವಿಲ್ ಎಂದು. ಎಂದರೆ, ನಮ್ಮದೇನೂ ತಪ್ಪಿಲ್ಲ, ಆದರೂ ನಿಮ್ಮ ಮೇಲಿನ ಒಳ್ಳೆಯ ಮನಸ್ಸಿನಿಂದ ಕೊಡುತ್ತಿದ್ದೇವೆ. ನಾನು ಒಪ್ಪಲಿಲ್ಲ.

"ಪಾರ್ಟ್ ಬಂತಲ್ಲ ಮೇಡಂ. ಹೆಸರು ಎಂತ ಇದ್ರೆ ನಿಮಗೆ ಎಂತ?" ಎಂದರು ಮ್ಯಾನೇಜರ್.

ನನಗೇನೆಂದು ಹೇಳಿದೆ. ಗುಡ್‌ವಿಲ್ ಎಂದು ಬರೆದರೆ ದೋಷ ಇರಲಿಲ್ಲ ಎಂದಾಗುತ್ತದೆ. ದೋಷ ಇರಲಿಲ್ಲವಾದರೆ ನಡುಗಿದ್ದು ನನ್ನ ಕೈ. ಇದೇ ಗಾಡಿ ಕೊಂಡ ಇನ್ನೊಬ್ಬರು ನಾಳೆ ಇದೇ ಮೇಜಿನ ಮುಂದೆ ನಿಂತು ಹ್ಯಾಂಡಲ್ ಅಲುಗುತ್ತದೆ ಎಂದಾಗ, ಇಂಥ ದೂರು ಹಿಂದೆ ಬಂದೇ ಇಲ್ಲ ಎಂದು ನೀವು ಪ್ರಾಮಾಣಿಕವಾಗಿಯೇ ಹೇಳಬಲ್ಲಿರಿ. ಹಾಗಾದರೆ ಹಳೆಯ ಪಾರ್ಟ್ ನನಗೆ ಕೊಡಿ ಎಂದು ಕೇಳಿದೆ. ಆಗುವುದಿಲ್ಲ, ಅದು ಕಂಪನಿಗೆ ಹೋಗುತ್ತದೆ ಎಂದರು. ಕಂಪನಿಗೆ ಹೋಗುವುದು ವಾರಂಟಿಯಲ್ಲಿ ಬದಲಿಸಿದ ಪಾರ್ಟ್ ಮಾತ್ರ ಎಂದು ನಿಮ್ಮ ಪುಸ್ತಕವೇ ಹೇಳುತ್ತದೆ. ಸವೆದು ಹೋದದ್ದಾದರೆ ಅದು ನನ್ನದು, ನಿಮ್ಮದಾದರೆ ಅದು ಸವೆತವಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದೆ. ಮಾತು ದೃಢವಾಗಿಯೇ ಬಂತು.

ಎಂಜಿನಿಯರ್ ಅಷ್ಟು ಹೊತ್ತು ಮೂಲೆಯಲ್ಲಿ ನಿಂತಿದ್ದವರು ಮುಂದೆ ಬಂದು ಮೇಜಿನ ಮೇಲಿದ್ದ ಜಾಬ್ ಕಾರ್ಡ್ ಎಳೆದುಕೊಂಡರು. ಗುಡ್‌ವಿಲ್ ಎಂಬುದನ್ನು ಒಂದೇ ಗೆರೆಯಲ್ಲಿ ಹೊಡೆದರು. ಹಿಂಬದಿ ಸವಾರರಿದ್ದಾಗ ಹ್ಯಾಂಡಲ್ ಓಲಾಟ ಖಚಿತಪಟ್ಟಿದೆ, ಗ್ರೀಸ್ ಇಲ್ಲದೆ ಬೇರಿಂಗ್ ಅಕಾಲದಲ್ಲಿ ಕೆಟ್ಟಿದೆ ಎಂದು ಇಂಗ್ಲಿಷಿನಲ್ಲಿ ಬರೆದು ವಾರಂಟಿಯ ಚೌಕಕ್ಕೆ ಗುರುತು ಹಾಕಿದರು.

"ಸರ್, ಅದನ್ನೆಲ್ಲ ಬರೆಯುವ ಅಗತ್ಯ ಉಂಟಾ?" ಎಂದರು ಮ್ಯಾನೇಜರ್.

"ನಾನು ಓಡಿಸಿದೀನಿ ಸರ್," ಎಂದರು ಅವರು, ಸಹಿ ಮಾಡುತ್ತ.

ಅದರ ಪ್ರತಿ ನನ್ನ ಬಳಿ ಇದೆ. ಇದೇ ಸಾಲಿನ ಉಳಿದ ಗಾಡಿಗಳನ್ನು ಕರೆಸಿ ನೋಡುತ್ತೀರಾ ಎಂಬ ನನ್ನ ಪ್ರಶ್ನೆಗೆ ಮಾತ್ರ ಮುಖ್ಯ ಕಚೇರಿ ಇದನ್ನು ಬರೆಯುವ ಹೊತ್ತಿನವರೆಗೂ ಉತ್ತರಿಸಿಲ್ಲ. ನಾನು ಮತ್ತೆ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ನಂತೂರಿನ ಸಿಗ್ನಲ್ಲಿನಲ್ಲಿ ಅದೇ ಗಾಡಿ ಕಂಡರೆ, ಅದರ ಹಿಂದೆ ಯಾರು ಕೂತಿದ್ದಾರೆಂದು ನನ್ನ ಕಣ್ಣು ಮೊದಲು ನೋಡುತ್ತದೆ. ಒಮ್ಮೆ ಮಗುವನ್ನು ಎತ್ತಿಕೊಂಡ ಹೆಂಗಸಿದ್ದರು. ಓಡಿಸುತ್ತಿದ್ದವರಿಗೆ ಪಕ್ಕದಿಂದ, ಹ್ಯಾಂಡಲ್ ಅಲುಗುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ದೀಪ ಹಸಿರಾಯಿತು.

ಹೊಸ ಕೋನ್ ಸೆಟ್ ಹಾಕಿದ ಮೇಲಿನ ಮೊದಲ ಬೆಳಿಗ್ಗೆಯ ಬಗ್ಗೆ ಹೇಳಬೇಕು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಕೊಟ್ಟಾರ ದಾಟಿತು, ಸರ್ವಿಸ್ ಸೆಂಟರ್ ದಾಟಿತು. ಸೇತುವೆ ಹತ್ತಿದೆವು. ಮೊದಲ ಜಾಯಿಂಟ್, ಎರಡನೆಯದು. ನಾನು ಕಾದೆ. ಹ್ಯಾಂಡಲ್ ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ನೇರ ನಿಂತಿತ್ತು. ಆದರೂ ಏನೋ ನಡುಗುತ್ತಿತ್ತು. ಕನ್ನಡಿ ಅಲುಗಿತು, ಅದರಲ್ಲಿ ಅಪ್ಪನ ಹೆಲ್ಮೆಟ್ ಎರಡೆರಡಾಗಿ ಕಂಡಿತು. ಬಲಕ್ಕೆ ಟ್ಯಾಂಕರ್ ಬಂತು. ಮತ್ತೆ ಶುರುವಾಯಿತು, ಅವರು ಸುಳ್ಳು ಹೇಳಿದರು, ಏನನ್ನೂ ಬದಲಿಸಿಲ್ಲ ಎಂದು ಎದೆ ಬಡಿದುಕೊಂಡಿತು.

ಆಗ ನನ್ನ ಭುಜದ ಮೇಲೆ ಅಪ್ಪನ ಕೈ ಬಂತು. ಅವರು ಮುಂದಕ್ಕೆ ಬಾಗಿ, ಸೇತುವೆಯ ನಡುಮಧ್ಯದಲ್ಲಿ, ನೀರಿನ ಮೇಲೆ, ನನ್ನ ಕಿವಿಯ ಹತ್ತಿರ ಮಾತಾಡಿದರು.

"ಗಾಡಿ ಸರಿ ಉಂಟು ಮಗಾ. ಇವತ್ತು ನಡುಗುದು ನೀನು."

ನಾನು ಆಕ್ಸಿಲರೇಟರ್ ಸ್ವಲ್ಪ ಬಿಟ್ಟೆ. ಗಾಡಿ ಅಲುಗದೆ ನಿಧಾನವಾಯಿತು. ಟ್ಯಾಂಕರ್ ಮುಂದೆ ಹೋಯಿತು.

"ಹೌದು," ಎಂದೆ. "ನನಗೆ ಹೆದರಿಕೆ ಆಗ್ತದೆ."

"ನನಗೂ," ಎಂದರು ಅಪ್ಪ. ಆಚೆ ದಡ ಮುಟ್ಟುವವರೆಗೂ ಅವರು ಕೈ ತೆಗೆಯಲಿಲ್ಲ.